ತವರೂ ಕಡಲಾಚೆ, ಮಕ್ಕಳೂ ಕಡಲಾಚೆ

1043ರ ನವೆಂಬರ್. ಇಂಗ್ಲೆಂಡಿನ ರಾಜ ಎಡ್ವರ್ಡ್ ಪಟ್ಟಕ್ಕೆ ಬಂದು ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಗ್ಲಾಸ್ಟರ್‌ನಿಂದ ಕುದುರೆ ಏರಿ ವಿಂಚೆಸ್ಟರ್ ಕಡೆ ಹೊರಟ. ಜೊತೆಗೆ ರಾಜ್ಯದ ಮೂವರು ದೊಡ್ಡ ಸರದಾರರು: ಲಿಯೋಫ್ರಿಕ್, ಗಾಡ್ವಿನ್, ಸಿವಾರ್ಡ್. ಇಷ್ಟು ದಂಡು ಕಟ್ಟಿಕೊಂಡು ಅವನು ಹೋಗಿದ್ದು ಹೆತ್ತ ತಾಯಿಯ ಮನೆಗೆ, ಅದೂ ಸುಳಿವು ಕೊಡದೆ. ಹೋದವನೇ ಅವಳ ಹತ್ತಿರ ಇದ್ದ ಚಿನ್ನ, ಬೆಳ್ಳಿ, ಬೆಲೆಬಾಳುವ ವಸ್ತುಗಳನ್ನೆಲ್ಲ ಕಿತ್ತುಕೊಂಡ. ಜಮೀನನ್ನೂ ವಶಕ್ಕೆ ತೆಗೆದುಕೊಂಡ. ಅವಳಿಗೆ ಹತ್ತಿರದವನಾಗಿದ್ದ ಬಿಷಪ್ ಸ್ಟಿಗ್ಯಾಂಡ್‌ನ ಹುದ್ದೆಯೂ ಹೋಯಿತು.

ಯಾಕೆ ಹೀಗೆ ಮಾಡಿದ? ಆ ಕಾಲದ ಸನ್ಯಾಸಿಗಳು ವರ್ಷವರ್ಷವೂ ಬರೆದಿಡುತ್ತಿದ್ದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಇದಕ್ಕೆ ಕಾರಣ ಕೊಡುತ್ತದೆ. ತಾಯಿ ಮಗನ ವಿಷಯದಲ್ಲಿ ತುಂಬಾ ಕಠಿಣವಾಗಿದ್ದಳಂತೆ. ರಾಜನಾಗುವ ಮೊದಲೂ, ಆದ ಮೇಲೂ, ಅವನು ಬಯಸಿದಷ್ಟನ್ನು ಅವನಿಗಾಗಿ ಮಾಡಲಿಲ್ಲವಂತೆ. ಯುದ್ಧ, ಕ್ಷಾಮ, ಬಿಷಪ್‌ಗಳ ಸಾವು ಇವನ್ನೇ ಜಾಸ್ತಿ ಬರೆಯುವ ಪುಸ್ತಕದಲ್ಲಿ ಇಂಥ ಮನೆಮಾತು ಅಪರೂಪ. ಓದಿದರೆ ಯಾರೋ ನೆಂಟರ ಮನೆಯ ಜಗಳವನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಹಾಗಿದೆ.

ಆ ತಾಯಿಯ ಹೆಸರು ಎಮ್ಮಾ. ನಾರ್ಮಂಡಿಯ ಮಗಳು, ಇಂಗ್ಲೆಂಡಿನ ಸೊಸೆ. ಒಂದು ಸಲ ಅಲ್ಲ, ಎರಡು ಸಲ ಸೊಸೆ. ಮೊದಲ ಗಂಡ ರಾಜ. ಅವನ ಮನೆತನದಿಂದ ದೇಶವನ್ನೇ ಕಿತ್ತುಕೊಂಡವನು ಎರಡನೇ ಗಂಡ. ಇಬ್ಬರಿಂದಲೂ ಹುಟ್ಟಿದ ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ರಾಜರಾದರು. ಕೇಳಲು ಭಾಗ್ಯವಂತೆಯ ಕಥೆ ಅನಿಸುತ್ತದೆ, ಅಲ್ವಾ? ಒಳಗೆ ಹೋದರೆ ಬೇರೆಯೇ ಇದೆ.

ನಾರ್ಮಂಡಿ ಇರುವುದು ಈಗಿನ ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ. ಅದನ್ನು ಕಟ್ಟಿದವರು ಉತ್ತರದ ಕಡಲಿನಿಂದ ಬಂದ ವೈಕಿಂಗರು. ಎಮ್ಮಾಳ ಮುತ್ತಜ್ಜ ರೋಲೋ ಅಂಥ ಒಬ್ಬ ದಂಡನಾಯಕ. ಅವಳ ಅಪ್ಪ ಒಂದನೇ ರಿಚರ್ಡ್ ಅಲ್ಲಿನ ದೊರೆ. ಅಮ್ಮ ಗುನ್ನೋರ್ ಡೇನರ, ಅಂದರೆ ಡೆನ್ಮಾರ್ಕಿನವರ, ವಂಶದವಳು. ಅಂದರೆ ಮನೆಯಲ್ಲಿ ಹೊಸದಾಗಿ ಕಲಿತ ಫ್ರೆಂಚ್ ರೀತಿನೀತಿ, ರಕ್ತದಲ್ಲಿ ಹಳೆಯ ಡೇನ್ ನೆಂಟಸ್ತಿಕೆ. ಇಂಗ್ಲೆಂಡಿಗೆ ತಲೆನೋವಾಗಿದ್ದೂ ಇದೇ. ಡೇನ್ ಹಡಗುಗಳು ಇಂಗ್ಲಿಷ್ ಊರುಗಳನ್ನು ದೋಚಿ, ನಡುವಿನ ಕಡಲಾದ ಇಂಗ್ಲಿಷ್ ಕಾಲುವೆ ದಾಟಿ, ನಾರ್ಮನ್ ಬಂದರುಗಳಲ್ಲಿ ಆರಾಮಾಗಿ ದಣಿವಾರಿಸಿಕೊಳ್ಳುತ್ತಿದ್ದವು. 991ರಲ್ಲಿ ಪೋಪ್ ಮಧ್ಯೆ ಬಂದು ಎರಡೂ ಕಡೆಗೆ ಒಪ್ಪಂದ ಮಾಡಿಸಿದ್ದ. ಅದು ಹೆಚ್ಚು ದಿನ ನಿಲ್ಲಲಿಲ್ಲ. ಕಾಗದದಿಂದ ಆಗದ ಕೆಲಸ ಮದುವೆಯಿಂದ ಆಗಲಿ ಅಂತ 1002ರ ವಸಂತದಲ್ಲಿ ಎಮ್ಮಾಳನ್ನು ಇಂಗ್ಲೆಂಡಿನ ರಾಜ ಎಥೆಲ್ರೆಡ್‌ಗೆ ಕೊಟ್ಟರು. ಆಗ ಅಪ್ಪ ತೀರಿಕೊಂಡಿದ್ದ. ಕೊಟ್ಟವನು ಅಣ್ಣ, ಎರಡನೇ ರಿಚರ್ಡ್.

ಎಥೆಲ್ರೆಡ್ ಅವಳಿಗಿಂತ ತುಂಬಾ ದೊಡ್ಡವನು. ಮೊದಲ ಹೆಂಡತಿಯಿಂದ ಬೆಳೆದು ನಿಂತ ಗಂಡುಮಕ್ಕಳೇ ಹಲವರಿದ್ದರು. ಬಂದ ಹೊಸ ಸೊಸೆಗೆ ಮನೆಯವರು ಇನ್ನೊಂದು ಹೆಸರಿಟ್ಟರು: ಎಲ್ಫ್‌ಗಿಫು. ಅದು ರಾಜನ ಅಜ್ಜಿಯ ಹೆಸರು, ಆ ಅಜ್ಜಿಯನ್ನು ಸಂತಳೆಂದು ಜನ ಪೂಜಿಸುತ್ತಿದ್ದರು. ಗಂಡನ ಮನೆಯಲ್ಲಿ ಹೆಸರು ಬದಲಾಗುವುದು ನಮ್ಮ ಎಷ್ಟೋ ಮನೆಗಳಿಗೂ ಹೊಸದಲ್ಲ. ಅಲ್ಲಿಂದ ಮುಂದೆ ಸರ್ಕಾರಿ ಪತ್ರಗಳಲ್ಲೆಲ್ಲ ಅವಳು ಎಲ್ಫ್‌ಗಿಫು.

ಕಾಲಿಟ್ಟ ಗಳಿಗೆ ಚೆನ್ನಾಗಿರಲಿಲ್ಲ. ಅದೇ ವರ್ಷ ನವೆಂಬರ್ 13ರಂದು ಎಥೆಲ್ರೆಡ್ ಇಂಗ್ಲೆಂಡಿನಲ್ಲಿದ್ದ ಡೇನರನ್ನು ಕೊಲ್ಲಿ ಅಂತ ಆಜ್ಞೆ ಮಾಡಿದ. ಡೇನ್ ತಾಯಿಯ ಮಗಳು ಅದನ್ನು ಅರಮನೆಯಲ್ಲಿ ಕೂತು ಕೇಳಿಸಿಕೊಂಡಿರಬೇಕು. ಮರುವರ್ಷ ಡೇನರು ಎಕ್ಸೆಟರ್ ಊರನ್ನು ನುಗ್ಗಿ ಹಾಳುಮಾಡಿದರು. ಕ್ರಾನಿಕಲ್ ತಪ್ಪು ಹೊರಿಸಿದ್ದು ರಾಣಿ ಅಲ್ಲಿಗೆ ನೇಮಿಸಿದ್ದ ಹ್ಯೂ ಎಂಬ ಫ್ರೆಂಚ್ ಅಧಿಕಾರಿಯ ಮೇಲೆ. ಅವಳ ಮೇಲೆಯೇ ನೇರವಾಗಿ ಹೇಳಿಲ್ಲ. ಆದರೂ ಹೊರಗಿನಿಂದ ಬಂದವಳ ಕಡೆಯವನು ಅನ್ನುವ ಬೊಟ್ಟು ಸ್ಪಷ್ಟವಾಗಿಯೇ ಇದೆ.

ಮೂರು ಮಕ್ಕಳಾದವು. ಎಡ್ವರ್ಡ್, ಆಲ್ಫ್ರೆಡ್, ಮಗಳು ಗೋಡ್ಗಿಫು. ಈ ಮಕ್ಕಳು ರಾಜ್ಯಕ್ಕೆ ಬರುವ ಸಾಧ್ಯತೆ ಆಗ ಕಡಿಮೆ. ಸಾಲಿನಲ್ಲಿ ಮಲಮಕ್ಕಳೇ ಮುಂದೆ ಇದ್ದರು.

1013ರಲ್ಲಿ ಡೇನರ ರಾಜ ಸ್ವೇನ್ ಇಂಗ್ಲೆಂಡನ್ನೇ ಗೆದ್ದ. ಎಮ್ಮಾ ಕಡಲು ದಾಟಿ ಅಣ್ಣನ ಮನೆ ಸೇರಿದಳು. ಕ್ರಾನಿಕಲ್‌ನಲ್ಲಿ ಇಲ್ಲೊಂದು ಸಣ್ಣ ವಿವರ ಇದೆ, ನಾನು ಅಲ್ಲೇ ತುಂಬಾ ಹೊತ್ತು ನಿಂತೆ. ತಾಯಿ ಹೋಗಿದ್ದು ಪೀಟರ್‌ಬರೋ ಮಠದ ಹಿರಿಯನ ಜೊತೆ. ಮಕ್ಕಳನ್ನು ರಾಜ ಲಂಡನ್ ಬಿಷಪ್‌ನ ಜೊತೆ ಬೇರೆಯಾಗಿ ಕಳಿಸಿದ. ಒಟ್ಟಿಗೆ ಸಿಕ್ಕಿಬೀಳಬಾರದು ಅನ್ನುವ ಲೆಕ್ಕಾಚಾರ ಇದ್ದಿರಬಹುದು. ಆದರೆ ಈ ತಾಯಿ ಮಕ್ಕಳ ಕಥೆಯಲ್ಲಿ ಬೇರೆ ಬೇರೆ ದಾರಿ ಶುರುವಾಗಿದ್ದು ಇಲ್ಲಿಂದಲೇ. (ಆ ಮಠದ ಹಿರಿಯನ ಕಥೆಯೂ ಮಜವಾಗಿದೆ. ದೇಶ ಮುಳುಗುತ್ತಿರುವಾಗ ಅವನು ಫ್ರಾನ್ಸಿನ ಬೊನ್ವಾಲ್ ಎಂಬ ಬಡ ಮಠದಿಂದ ಸಂತ ಫ್ಲೋರೆಂಟಿನನ ದೇಹವನ್ನು 500 ಪೌಂಡಿಗೆ ಕೊಂಡುಕೊಂಡ. ತಲೆ ಬಿಟ್ಟು.)

ಸ್ವೇನ್ ಕೆಲವೇ ತಿಂಗಳಲ್ಲಿ ಸತ್ತ. ಎಥೆಲ್ರೆಡ್ ಮರಳಿ ಬಂದ. ಆದರೆ ಸ್ವೇನನ ಮಗ ಕ್ನೂಟ್ ಬಿಡಲಿಲ್ಲ. 1016ರ ಏಪ್ರಿಲ್ 23ರಂದು ಲಂಡನ್ನಿನಲ್ಲಿ ಎಥೆಲ್ರೆಡ್ ತೀರಿಕೊಂಡ. ಮಲಮಗ ಎಡ್ಮಂಡ್ ಆ ವರ್ಷವೆಲ್ಲ ಹೋರಾಡಿ ನವೆಂಬರ್ ಕೊನೆಗೆ ಸತ್ತ. ಇಡೀ ಇಂಗ್ಲೆಂಡ್ ಕ್ನೂಟ್‌ನ ಕೈ ಸೇರಿತು. ಎಮ್ಮಾಳ ಇಬ್ಬರು ಗಂಡುಮಕ್ಕಳೂ ನಾರ್ಮಂಡಿಯಲ್ಲಿ ಸೋದರಮಾವನ ಆಸರೆಯಲ್ಲಿ ಉಳಿದರು.

1017ರ ಬೇಸಿಗೆಯಲ್ಲಿ ಕ್ನೂಟ್ ಎಥೆಲ್ರೆಡ್‌ನ ವಿಧವೆಯನ್ನು ತನಗೆ ಹೆಂಡತಿಯಾಗಿ ಕರೆತರಲು ಹೇಳಿಕಳಿಸಿದ. ಕ್ರಾನಿಕಲ್‌ನ ಮಾತಿನ ಧಾಟಿ ನೋಡಿದರೆ ಸಾಮಾನು ತರಿಸಿಕೊಂಡಷ್ಟೇ ಸರಳ. ಆದರೆ ಎಮ್ಮಾಳೇ ಮುಂದೆ ಬರೆಸಿದ ಪುಸ್ತಕದಲ್ಲಿ ಇದೇ ಪ್ರಸಂಗ ಪೂರ್ತಿ ಬೇರೆ. ಅಲ್ಲಿ ಕ್ನೂಟ್ ಸರಿಯಾದ ಹೆಣ್ಣಿಗಾಗಿ ದೇಶದೇಶ ಹುಡುಕಿಸುತ್ತಾನೆ, ಉಡುಗೊರೆ ಕಳಿಸುತ್ತಾನೆ, ಬೇಡಿಕೊಳ್ಳುತ್ತಾನೆ. ಅವಳು ಷರತ್ತು ಹಾಕುತ್ತಾಳೆ: ನನ್ನಿಂದ ನಿನಗೆ ಗಂಡುಮಗು ಆದರೆ, ಬೇರೆ ಹೆಂಗಸಿನ ಮಗನನ್ನು ಪಟ್ಟಕ್ಕೆ ತರುವುದಿಲ್ಲ ಅಂತ ಆಣೆ ಮಾಡು.

ಷರತ್ತಿಗೆ ಕಾರಣ ಇತ್ತು. ಕ್ನೂಟ್‌ಗೆ ಆಗಲೇ ಒಬ್ಬಳು ಹೆಂಡತಿ ಇದ್ದಳು. ನಾರ್ಥಾಂಪ್ಟನ್ ಕಡೆಯ ದೊಡ್ಡ ಮನೆತನದವಳು. ಸ್ವೇನ್, ಹೆರಾಲ್ಡ್ ಅಂತ ಇಬ್ಬರು ಗಂಡುಮಕ್ಕಳೂ ಇದ್ದರು. ಅವಳ ಹೆಸರೂ ಎಲ್ಫ್‌ಗಿಫು! ಸವತಿಗೂ ತನಗೂ ಒಂದೇ ಹೆಸರು. ಇತಿಹಾಸ ಓದುವವರಿಗೇ ತಲೆ ಕೆಡುತ್ತದೆ, ಆ ಮನೆಯವರ ಪಾಡು ಹೇಗಿತ್ತೋ. ಕ್ನೂಟ್ ಅವಳನ್ನು ಬಿಡಲೂ ಇಲ್ಲ. ಮುಂದೆ ನಾರ್ವೆಯನ್ನು ಆಳಲು ಅವಳನ್ನೂ ಅವಳ ಮಗ ಸ್ವೇನನನ್ನೂ ಕಳಿಸಿದ.

ಎಮ್ಮಾ ಹಾಕಿದ ಷರತ್ತನ್ನು ಇನ್ನೊಮ್ಮೆ ನೋಡಿ. ಅದು ಸವತಿಯ ಮಕ್ಕಳಿಗೆ ಬಾಗಿಲು ಮುಚ್ಚುತ್ತದೆ. ಹಾಗೆಯೇ ತನ್ನದೇ ಎಡ್ವರ್ಡ್, ಆಲ್ಫ್ರೆಡ್‌ಗೂ ಮುಚ್ಚುತ್ತದೆ. ಗಂಡನನ್ನು ಸೋಲಿಸಿದವನನ್ನು ಮದುವೆಯಾಗುವುದು ಆ ಕಾಲದಲ್ಲಿ ಅಷ್ಟೇನೂ ವಿಚಿತ್ರವಲ್ಲ. ಕ್ನೂಟ್‌ಗೂ ಲಾಭ ಇತ್ತು. ಹಳೆಯ ರಾಣಿ ಪಕ್ಕದಲ್ಲಿದ್ದರೆ ಜನ ಒಪ್ಪುತ್ತಾರೆ, ನಾರ್ಮಂಡಿಯವರು ಸೋದರಳಿಯರ ಪರವಾಗಿ ಹಡಗು ಹತ್ತುವುದಿಲ್ಲ. ಎಮ್ಮಾಗೆ ಬೇರೆ ದಾರಿ ಏನಿತ್ತು? ಅಣ್ಣನ ಮನೆಯಲ್ಲಿ ವಿಧವೆಯಾಗಿ ಇರುವುದು, ಇಲ್ಲ ಮಠ ಸೇರುವುದು. ಅವಳ ಕೈಯಲ್ಲಿದ್ದ ಬಂಡವಾಳವೆಲ್ಲ ನೆಂಟಸ್ತಿಕೆಯೇ. ಯಾರ ಮಗಳು, ಯಾರ ತಂಗಿ, ಯಾರ ಹೆಂಡತಿ, ಯಾರ ತಾಯಿ. ಒಂದನ್ನು ಉಳಿಸಿಕೊಳ್ಳಲು ಹೋದರೆ ಇನ್ನೊಂದನ್ನು ಬಿಡಬೇಕು. ಅವಳು ಬಿಟ್ಟಿದ್ದು ಮೊದಲ ಮದುವೆಯ ಮಕ್ಕಳನ್ನು.

ಅವಳನ್ನು ಕಲ್ಲೆದೆಯವಳು ಅಂತ ತೀರ್ಪು ಕೊಡುವುದು ಸುಲಭ. ನನಗೆ ಆ ತೀರ್ಪು ಅರ್ಧ ಮಾತ್ರ ಸರಿ ಅನಿಸುತ್ತದೆ. 1017ರಲ್ಲಿ ಅವಳು ಹಟ ಹಿಡಿದು ಈ ಮದುವೆ ಒಲ್ಲೆ ಅಂದಿದ್ದರೂ ಆ ಹುಡುಗರಿಗೆ ರಾಜ್ಯ ಸಿಗುತ್ತಿರಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಅವಳು ಏನು ಮಾಡಿದಳು ಅನ್ನುವುದು ಬೇರೆ ಪ್ರಶ್ನೆ, ಅಲ್ಲಿ ನನ್ನ ಸಹಾನುಭೂತಿ ಎಡ್ವರ್ಡ್ ಕಡೆಗೇ ವಾಲುತ್ತದೆ.

ಕ್ನೂಟ್ ಜೊತೆಗಿನ 18 ವರ್ಷ ಅವಳ ಏಳಿಗೆಯ ಕಾಲ. ಗಂಡ ಪರದೇಶದವನು, ವಯಸ್ಸಿನಲ್ಲೂ ಚಿಕ್ಕವನು. ಇಂಗ್ಲೆಂಡಿನ ಅರಮನೆ, ಚರ್ಚು, ದೊಡ್ಡ ಮನೆತನಗಳು ಇವೆಲ್ಲ ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮೊದಲ ಗಂಡನ ಕಾಲದಲ್ಲಿ ದಾನಪತ್ರಗಳ ಸಾಕ್ಷಿ ಪಟ್ಟಿಯಲ್ಲಿ ಎಲ್ಲೋ ಕಾಣುತ್ತಿದ್ದವಳು ಈಗ ರಾಜನ ಹೆಸರಿನ ಪಕ್ಕದಲ್ಲೇ ಬರುತ್ತಾಳೆ. 1031ರ ಸುಮಾರಿಗೆ ವಿಂಚೆಸ್ಟರ್‌ನ ಒಂದು ಮಠ ತನ್ನ ಪುಸ್ತಕದಲ್ಲಿ ಬರೆಸಿದ ಚಿತ್ರ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಕ್ನೂಟ್, ಎಮ್ಮಾ ಸೇರಿ ಪೀಠದ ಮೇಲೆ ದೊಡ್ಡ ಚಿನ್ನದ ಶಿಲುಬೆ ಇಡುತ್ತಿದ್ದಾರೆ. ಅವನಿಗೆ ಒಬ್ಬ ದೇವದೂತ ಕಿರೀಟ ಇಡುತ್ತಿದ್ದಾನೆ, ಅವಳಿಗೆ ಇನ್ನೊಬ್ಬ ಸೆರಗು ಹೊದಿಸುತ್ತಿದ್ದಾನೆ. ಇಬ್ಬರೂ ಸರಿಸಮ ಎತ್ತರ. ಈ ಮದುವೆಯಲ್ಲಿ ಮಗ ಹಾರ್ಥಕ್ನೂಟ್, ಮಗಳು ಗುನ್ಹಿಲ್ಡಾ ಹುಟ್ಟಿದರು.

ಆ ಇಡೀ ಹೊತ್ತು ಎಡ್ವರ್ಡ್ ಮತ್ತು ಆಲ್ಫ್ರೆಡ್ ಕಾಲುವೆಯ ಆಚೆ ಇದ್ದರು. ತಾಯಿಯ ಊರಲ್ಲಿ, ತಾಯಿಯಿಲ್ಲದೆ. ಹುಡುಗರಾಗಿ ಹೋದವರು ಗಂಡಸರಾದರು. ನಾರ್ಮಂಡಿಯ ಕೆಲವು ದಾನಪತ್ರಗಳಲ್ಲಿ ಎಡ್ವರ್ಡ್‌ನ ಸಾಕ್ಷಿ ಇದೆ. ಊಟಕ್ಕೆ ಕೊರತೆ ಇರಲಿಲ್ಲ, ಮರ್ಯಾದೆಗೂ ಇರಲಿಲ್ಲ. ಆದರೆ ಬೇರೆಯವರ ಮನೆಯಲ್ಲಿ ಉಳಿದುಬಿಟ್ಟ ನೆಂಟ ಅನ್ನುವ ಸ್ಥಿತಿ.

1035ರ ನವೆಂಬರ್ 12ರಂದು ಕ್ನೂಟ್ ಸತ್ತ. ಎಮ್ಮಾ ಕಟ್ಟಿಕೊಂಡಿದ್ದೆಲ್ಲ ಒಂದೇ ಸಲ ಅಲುಗಾಡಿತು. ಹಾರ್ಥಕ್ನೂಟ್ ಡೆನ್ಮಾರ್ಕ್‌ನಲ್ಲಿದ್ದ, ಅಲ್ಲಿನ ಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಸವತಿಯ ಮಗ ಹೆರಾಲ್ಡ್ ಇಲ್ಲೇ ಇದ್ದ. ಎಮ್ಮಾ ವಿಂಚೆಸ್ಟರ್‌ನಲ್ಲಿ ಖಜಾನೆ ಕಾಯುತ್ತಾ ಮಗನ ದಾರಿ ನೋಡಿದಳು. ಮಗ ಬರಲಿಲ್ಲ, ಹೆರಾಲ್ಡ್‌ನ ಆಳುಗಳು ಬಂದು ಕ್ನೂಟ್‌ನ ಒಳ್ಳೊಳ್ಳೆಯ ವಸ್ತುಗಳನ್ನು ಹೊತ್ತೊಯ್ದರು.

ಆಗ ನಾರ್ಮಂಡಿಗೆ ಒಂದು ಪತ್ರ ಹೋಯಿತು. ನಿಮ್ಮ ರಾಜ್ಯ ಕೈತಪ್ಪುತ್ತಿದೆ, ಒಬ್ಬರಾದರೂ ಬನ್ನಿ ಅಂತ ತಾಯಿಯ ಹೆಸರಿನಲ್ಲಿ. 1036ರಲ್ಲಿ ಆಲ್ಫ್ರೆಡ್ ಬಂದ. ಗಿಲ್ಡ್‌ಫರ್ಡ್‌ನಲ್ಲಿ ಗಾಡ್ವಿನ್‌ನ ಜನ ಅವನನ್ನು ಹಿಡಿದರು. ಜೊತೆಗಾರರಲ್ಲಿ ಕೆಲವರನ್ನು ಕೊಂದರು, ಕೆಲವರನ್ನು ಗುಲಾಮರಾಗಿ ಮಾರಿದರು. ಆಲ್ಫ್ರೆಡ್‌ನ ಕಣ್ಣು ಕಿತ್ತು ಈಲಿ ಮಠಕ್ಕೆ ಒಯ್ದರು. ಅಲ್ಲೇ ಸತ್ತ. ಎಡ್ವರ್ಡ್ ಬೇರೆ ಹಡಗುಗಳಲ್ಲಿ ಸೌತಾಂಪ್ಟನ್ ಕಡೆ ಬಂದು, ಕಾದಾಡಿ, ಹಿಂದೆ ಹೋದ. ಅದರಿಂದ ಬದುಕಿದ.

ಆ ಪತ್ರ ಹೆರಾಲ್ಡ್ ಮಾಡಿಸಿದ ನಕಲಿ ಪತ್ರ ಅಂತ ಎಮ್ಮಾಳ ಪುಸ್ತಕ ಹೇಳುತ್ತದೆ. ನಂಬುವವರಿದ್ದಾರೆ, ನಂಬದವರೂ ಇದ್ದಾರೆ. ಹಾರ್ಥಕ್ನೂಟ್ ಬರದೆ ಕೈಚೆಲ್ಲಿದ ಮೇಲೆ ಅವಳು ಹಳೆಯ ಮಕ್ಕಳನ್ನು ನೆನಪಿಸಿಕೊಂಡಳು, ಆಟ ಕೆಟ್ಟ ಮೇಲೆ ಪತ್ರವೇ ನನ್ನದಲ್ಲ ಅಂದಳು ಅನ್ನುವುದು ಎರಡನೆಯವರ ವಾದ. ನಾನು ಇವರ ಕಡೆ. ಪುಸ್ತಕ ಈ ಪತ್ರದ ಬಗ್ಗೆ ಪಡುವ ಆತುರ ನೋಡಿ. ಪತ್ರದ ಪೂರ್ತಿ ಒಕ್ಕಣೆಯನ್ನೇ ಕೊಟ್ಟು, ಇದು ಸುಳ್ಳು ಪತ್ರ ಅನ್ನುತ್ತದೆ. ಯಾರೂ ಅನುಮಾನ ಪಡದಿದ್ದರೆ ಅಷ್ಟು ವಿವರಣೆ ಯಾಕೆ ಬೇಕಿತ್ತು?

1037ರಲ್ಲಿ ಹೆರಾಲ್ಡ್ ಅವಳನ್ನು ದೇಶದಿಂದ ಓಡಿಸಿದ. ಕೊರೆಯುವ ಚಳಿಗಾಲದಲ್ಲಿ, ದಯೆ ಇಲ್ಲದೆ ಅಂತ ಕ್ರಾನಿಕಲ್ ಬರೆಯುತ್ತದೆ. ಈ ಸಲ ತವರಿಗೆ ಹೋಗುವ ಹಾಗಿರಲಿಲ್ಲ. ಅಣ್ಣ ಸತ್ತು ಹತ್ತು ವರ್ಷವಾಗಿತ್ತು. ಅಣ್ಣನ ಮಗ ರಾಬರ್ಟ್ ಜೆರೂಸಲೇಮ್ ಯಾತ್ರೆಯಿಂದ ಬರುವಾಗ 1035ರಲ್ಲಿ ತೀರಿಕೊಂಡಿದ್ದ. ಪಟ್ಟದಲ್ಲಿದ್ದವನು ರಾಬರ್ಟ್‌ನ ಮಗ ವಿಲಿಯಂ, ಇನ್ನೂ ಹತ್ತರ ಆಸುಪಾಸಿನ ಹುಡುಗ. ಸುತ್ತ ಕೊಲೆ, ಒಳಜಗಳ. ಹಾಗಾಗಿ ಎಮ್ಮಾ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಬ್ರೂಜ್ ಊರಿಗೆ ಹೋದಳು. ಅಲ್ಲಿನ ದೊರೆ ಬಾಲ್ಡ್ವಿನ್ ಚೆನ್ನಾಗಿ ನೋಡಿಕೊಂಡ. ಮರುವರ್ಷ ಇನ್ನೊಂದು ಸಾವಿನ ಸುದ್ದಿ. ಜರ್ಮನಿಯ ಚಕ್ರವರ್ತಿಯ ಮಗ ಹೆನ್ರಿಗೆ 1036ರಲ್ಲಿ ಮದುವೆ ಮಾಡಿಕೊಟ್ಟಿದ್ದ ಮಗಳು ಗುನ್ಹಿಲ್ಡಾ, ಒಂದು ಹೆಣ್ಣುಮಗು ಹೆತ್ತು, 1038ರಲ್ಲಿ ಇಟಲಿಯಲ್ಲಿ ತೀರಿಕೊಂಡಳು.

ಬ್ರೂಜ್‌ನಿಂದ ಎಮ್ಮಾ ಎಡ್ವರ್ಡ್‌ಗೆ ಹೇಳಿಕಳಿಸಿದಳು. ಅವನು ಬಂದ. ತಾಯಿ ಮಗ ಮುಖಾಮುಖಿ ಕೂತು ಮಾತಾಡಿದ್ದು ಎಷ್ಟೋ ವರ್ಷದ ಮೇಲೆ. ಅವನು ಹೇಳಿದ್ದು ಇಷ್ಟು: ನಿನ್ನ ಕಷ್ಟಕ್ಕೆ ಮರುಗುತ್ತೇನೆ, ಆದರೆ ನನ್ನಿಂದ ಏನೂ ಆಗದು, ಇಂಗ್ಲೆಂಡಿನ ಸರದಾರರು ನನಗೆ ನಿಷ್ಠೆಯ ಆಣೆ ಮಾಡಿಲ್ಲ. ಹಾರ್ಥಕ್ನೂಟ್‌ನನ್ನು ಕೇಳು ಅಂದು ಎದ್ದು ಹೋದ. ಮಾತು ಮರ್ಯಾದೆಯದ್ದೇ. ಆದರೆ ಅದರೊಳಗಿನ ಚುಚ್ಚು ಅವಳಿಗೆ ನಾಟದೆ ಇದ್ದೀತೇ? ಆಣೆ ಯಾಕಿಲ್ಲ ಅಂದರೆ ಅವಳೇ 1017ರಲ್ಲಿ ಬೇರೆ ಆಣೆ ಮಾಡಿಸಿದ್ದಳಲ್ಲ.

1040ರ ಮಾರ್ಚ್‌ನಲ್ಲಿ ಹೆರಾಲ್ಡ್ ಸತ್ತ. ಹಾರ್ಥಕ್ನೂಟ್ 60ಕ್ಕೂ ಹೆಚ್ಚು ಹಡಗುಗಳೊಂದಿಗೆ ತಾಯಿಯ ಜೊತೆ ಇಂಗ್ಲೆಂಡಿಗೆ ಬಂದ. ಬಂದವನೇ ಮಲಅಣ್ಣನ ಹೆಣವನ್ನು ಅಗೆಸಿ ಜೌಗಿಗೆ ಎಸೆಸಿದ. ಮರುವರ್ಷ ಎಡ್ವರ್ಡ್‌ನನ್ನು ಕರೆಸಿಕೊಂಡು ಆಳ್ವಿಕೆಯಲ್ಲಿ ಪಾಲು ಕೊಟ್ಟ. ಎಮ್ಮಾ ತನ್ನ ಪುಸ್ತಕ ಬರೆಸಿದ್ದು ಈ ಹೊತ್ತಿನಲ್ಲಿ. ಬರೆದವನು ಫ್ಲಾಂಡರ್ಸ್‌ನ ಸೇಂಟ್ ಬರ್ಟಿನ್ ಮಠದ ಸನ್ಯಾಸಿ. ಮೊದಲ ಪುಟದಲ್ಲೇ ಚಿತ್ರ: ಎಮ್ಮಾ ಸಿಂಹಾಸನದ ಮೇಲೆ, ಸನ್ಯಾಸಿ ಮಂಡಿಯೂರಿ ಪುಸ್ತಕ ಒಪ್ಪಿಸುತ್ತಿದ್ದಾನೆ, ಇಬ್ಬರು ರಾಜಪುತ್ರರು ಪಕ್ಕದಿಂದ ಇಣುಕುತ್ತಿದ್ದಾರೆ. ಆ ಕಾಲದಲ್ಲಿ ಬದುಕಿದ್ದ ರಾಣಿಯೊಬ್ಬಳು ಮಧ್ಯದಲ್ಲಿ, ರಾಜರು ಮೂಲೆಯಲ್ಲಿ ಇರುವ ಚಿತ್ರ ಸಿಗುವುದು ಬಹಳ ಕಷ್ಟ.

ಈ ಪುಸ್ತಕದಲ್ಲಿ ಎಥೆಲ್ರೆಡ್ ಇಲ್ಲ. ಹೆಸರೇ ಇಲ್ಲ. 14 ವರ್ಷ ಸಂಸಾರ ಮಾಡಿದ ಗಂಡ, ಮೂರು ಮಕ್ಕಳ ಅಪ್ಪ, ಮಾಯ. ಕ್ನೂಟ್ ಮದುವೆಯಾಗಲು ಬಂದಾಗ ಅವಳು ಮೊದಲ ಸಲ ಮದುವೆಯಾಗುತ್ತಿರುವ ಕನ್ಯೆಯಂತೆ ಕಾಣುತ್ತಾಳೆ. ಎಡ್ವರ್ಡ್, ಆಲ್ಫ್ರೆಡ್ ಅವಳ ಮಕ್ಕಳೇ, ಆದರೆ ಅಪ್ಪ ಯಾರು ಅನ್ನುವ ಮಾತೇ ಬರುವುದಿಲ್ಲ. ಅವರನ್ನು ನಾರ್ಮಂಡಿಗೆ ಬೆಳೆಯಲು ಕಳಿಸಿದ್ದರು ಅಂತ ಸನ್ಯಾಸಿ ಒಂದು ಮಾತಿನಲ್ಲಿ ಮುಗಿಸುತ್ತಾನೆ. ಪುಸ್ತಕ ಹೊರಬಂದ ಅರಮನೆಯಲ್ಲೇ ಎಡ್ವರ್ಡ್ ಇದ್ದ. ತನ್ನ ಅಪ್ಪನನ್ನು ತಾಯಿಯೇ ಅಳಿಸಿಹಾಕಿದ ಕಥೆಯನ್ನು ಅವನ ಮುಂದೆಯೇ ಓದಿದ್ದರೆ ಅವನ ಮುಖ ಹೇಗಿದ್ದಿರಬಹುದು! 1043ರ ನವೆಂಬರ್ ಸವಾರಿಗೆ ರಾಜಕೀಯದ ಕಾರಣಗಳು ಬೇಕಾದಷ್ಟಿವೆ. ನನಗೆ ಮಾತ್ರ ಈ ಪುಸ್ತಕವೂ ಅದರಲ್ಲಿ ಒಂದು ಅನಿಸುತ್ತದೆ.

1042ರ ಜೂನ್ 8ರಂದು ಹಾರ್ಥಕ್ನೂಟ್ ಲ್ಯಾಂಬೆತ್‌ನ ಮದುವೆಯ ಔತಣದಲ್ಲಿ ಕುಡಿಯುತ್ತಾ ನಿಂತವನು ಕುಸಿದು ಸತ್ತ. ಎಡ್ವರ್ಡ್ ಒಬ್ಬನೇ ರಾಜನಾದ. ಆಮೇಲೆ ಪುಸ್ತಕದ ಕೊನೆಯ ಭಾಗವನ್ನೂ ತಿದ್ದಿ, ಎಡ್ವರ್ಡ್‌ನನ್ನು ಹೊಗಳುವ ಹಾಗೆ ಬದಲಾಯಿಸಿದರು. ಹೀಗೆ ತಿದ್ದಿದ ಪ್ರತಿಯೊಂದು 2008ರಲ್ಲಿ ಬೆಳಕಿಗೆ ಬಂದು, ಈಗ ಕೋಪನ್‌ಹೇಗನ್‌ನ ಗ್ರಂಥಾಲಯದಲ್ಲಿದೆ.

ಆಸ್ತಿ ಕಿತ್ತುಕೊಂಡ ಮೇಲೆ ಮಗ ಸ್ವಲ್ಪ ಮೆತ್ತಗಾದ. ಕೆಲವನ್ನು ವಾಪಸ್ ಕೊಟ್ಟ. ಆದರೆ ಅರಮನೆಯ ವ್ಯವಹಾರದಲ್ಲಿ ಅವಳ ಮಾತು ಮುಗಿದಿತ್ತು. 1045ರಲ್ಲಿ ಎಡ್ವರ್ಡ್ ಗಾಡ್ವಿನ್‌ನ ಮಗಳು ಎಡಿತ್‌ಳನ್ನು ಮದುವೆಯಾದ. ತಮ್ಮನನ್ನು ಹಿಡಿದುಕೊಟ್ಟವನೇ ಮಾವ. ಎಮ್ಮಾ 1052ರ ಮಾರ್ಚ್ 6ರಂದು ವಿಂಚೆಸ್ಟರ್‌ನಲ್ಲಿ ತೀರಿಕೊಂಡಳು. ಮಣ್ಣು ಮಾಡಿದ್ದು ಕ್ನೂಟ್, ಹಾರ್ಥಕ್ನೂಟ್ ಪಕ್ಕದಲ್ಲಿ. ಅವಳ ಮೂಳೆಗಳು ಮುಂದೆ ಬೇರೆ ರಾಜರ ಮೂಳೆಗಳ ಜೊತೆ ಮರದ ಪೆಟ್ಟಿಗೆಗಳಿಗೆ ಸೇರಿದವು. 1642ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಒಳಯುದ್ಧದಲ್ಲಿ, ಪಾರ್ಲಿಮೆಂಟ್ ಕಡೆಯ ಸೈನಿಕರು ಅವನ್ನೆಲ್ಲ ಚೆಲ್ಲಾಡಿದರು. ಮತ್ತೆ ಆರಿಸಿ ತುಂಬಿದಾಗ ಯಾರದ್ದು ಯಾರದ್ದೋ ಬೆರೆತುಹೋಯಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2019ರಲ್ಲಿ ಹೇಳಿದ ಪ್ರಕಾರ ಆರು ಪೆಟ್ಟಿಗೆಗಳಲ್ಲಿ ಕನಿಷ್ಠ 23 ಜನರ ಮೂಳೆಗಳಿವೆ. ವಯಸ್ಸಾದ ಒಬ್ಬ ಹೆಂಗಸಿನ ಮೂಳೆಗಳು ಹಲವು ಪೆಟ್ಟಿಗೆಗಳಲ್ಲಿ ಹಂಚಿಹೋಗಿವೆ. ಅದು ಎಮ್ಮಾಳದ್ದೇ ಇರಬಹುದು.

ಜನ ಅವಳನ್ನು ನೆನಪಿಟ್ಟುಕೊಂಡಿದ್ದು ಇನ್ನೊಂದು ರೀತಿ. ವಿಂಚೆಸ್ಟರ್‌ನ ಬಿಷಪ್ ಒಬ್ಬನ ಜೊತೆ ಅವಳಿಗೆ ಸಂಬಂಧವಿತ್ತು ಅಂತ ಆರೋಪ ಬಂದು, ಕೆಂಪಗೆ ಕಾಯಿಸಿದ ಒಂಬತ್ತು ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೆದು ಅವಳು ಸುಡದೆ ಹೊರಬಂದಳಂತೆ. ಅಗ್ನಿಪರೀಕ್ಷೆಯ ಕಥೆಗೆ ಯಾವ ದೇಶದಲ್ಲೂ ಬರ ಇಲ್ಲ. ಇದು ಅವಳು ಸತ್ತು ಬಹಳ ಕಾಲವಾದ ಮೇಲೆ ಹುಟ್ಟಿದ ದಂತಕಥೆ. ಇದರಲ್ಲಿ ಮಗ ಎಡ್ವರ್ಡ್ ಅಳುತ್ತಾ ಕ್ಷಮೆ ಕೇಳುತ್ತಾನೆ. ನಿಜದಲ್ಲಿ ಅಂಥದ್ದೇನೂ ದಾಖಲಾಗಿಲ್ಲ.

ಎಡ್ವರ್ಡ್‌ಗೆ ಮಕ್ಕಳಾಗಲಿಲ್ಲ. 1066ರ ಜನವರಿಯಲ್ಲಿ ಅವನು ಸತ್ತಾಗ ಇಂಗ್ಲೆಂಡ್ ನನ್ನದು ಅಂತ ಎದ್ದು ನಿಂತವರಲ್ಲಿ ನಾರ್ಮಂಡಿಯ ವಿಲಿಯಂ ಒಬ್ಬ. ಬ್ರೂಜ್‌ಗೆ ಎಮ್ಮಾ ಓಡಿಹೋದಾಗ ಹುಡುಗನಾಗಿದ್ದವನು. ಅವನಿಗೆ ಇಂಗ್ಲೆಂಡಿನ ರಾಜಮನೆತನದ ಜೊತೆ ಇದ್ದ ರಕ್ತಸಂಬಂಧ ಎಮ್ಮಾ ಒಬ್ಬಳ ಮೂಲಕ. ಅವನು ಅವಳ ಅಣ್ಣನ ಮೊಮ್ಮಗ. ಡೇನರನ್ನು ದೂರ ಇಡಲು ಮಾಡಿದ ಮದುವೆ, 64 ವರ್ಷದ ಮೇಲೆ ನಾರ್ಮನ್ನರನ್ನು ಒಳಗೆ ತಂದಿತು.

ಇತ್ತ ಎಡಿತ್, ಅತ್ತೆಯ ಹಾದಿಯನ್ನೇ ಹಿಡಿದು, ಗಂಡನ ಹೆಸರಿನಲ್ಲಿ ತನ್ನ ತವರಿನ ಕಥೆಯನ್ನು ಒಬ್ಬ ಸನ್ಯಾಸಿಯಿಂದ ಬರೆಸುತ್ತಿದ್ದಳು. ಆಗ ವಿಂಚೆಸ್ಟರ್ ಇದ್ದದ್ದು ಅವಳ ಕೈಯಲ್ಲಿ, ರಾಣಿಯ ಜೀವನಾಂಶವಾಗಿ. ಕಡಲು ದಾಟಿ ದಂಡೆತ್ತಿ ಬಂದು ಹೇಸ್ಟಿಂಗ್ಸ್ ಯುದ್ಧ ಗೆದ್ದ ವಿಲಿಯಂ ಆ ಊರಿಗೆ ಸೈನ್ಯ ನುಗ್ಗಿಸಲಿಲ್ಲ. ಎಡ್ವರ್ಡ್‌ನ ವಿಧವೆಯಿಂದ ಊರನ್ನು ಕಿತ್ತುಕೊಳ್ಳುವುದು ಮರ್ಯಾದೆಯಲ್ಲ, ಕಪ್ಪ ಕೊಟ್ಟರೆ ಸಾಕು ಅಂತ ಹೇಳಿಕಳಿಸಿದ. ಎಡಿತ್ ಊರಿನ ಹಿರಿಯರನ್ನು ಕೇಳಿ, ಒಪ್ಪಿ, ಕಪ್ಪ ಕಳಿಸಿದಳು.